ನೂಲಿಲ್ಲದ ಕಡ್ಡಿಗಳು

ಮೈಕು ಕುಂಯ್ ಎಂದು ಕಿರುಚಿ ಸುಮ್ಮನಾಯಿತು, ಅಟೆಂಡರು ಬಗ್ಗಿ ವೈರು ತಿರುವುತ್ತಿದ್ದಾನೆ, ಮೈದಾ ಅಂಟಿನ ವಾಸನೆ, ಹಳೆಯ ಕಾಗದದ ವಾಸನೆ, ಬೆಳಿಗ್ಗೆ ನೆಲಕ್ಕೆ ಸುರಿದ ಫಿನಾಯಿಲ್ ವಾಸನೆ, ಇವೆಲ್ಲದರ ಅಡಿಯಲ್ಲಿ ಅಕ್ಕನ ವಾಸನೆ — ಅಲ್ಲ, ಅದು ಸ್ವೆಟರಿನದು, ಅಕ್ಕನ ಸ್ವೆಟರು ನನ್ನ ಮೈಮೇಲಿದೆ, ಒಗೆದ ದಿನ ಬಿಟ್ಟರೆ ಐವತ್ತೆರಡು ದಿನದಿಂದ ನನ್ನ ಮೈಮೇಲೇ ಇದೆ, ಈಗ ಆ ವಾಸನೆ ಅವಳದೋ ನನ್ನದೋ ನನ್ನ ಮೂಗಿಗೇ ಗೊತ್ತಾಗುತ್ತಿಲ್ಲ. ಅಮ್ಮನಿಗೆ ಗೊಂದಲವಿಲ್ಲ, ನನ್ನ ಎಡಗಡೆ ಕೂತಿದ್ದಾಳೆ, ಬಲಗೈಯಿಂದ ಸ್ವೆಟರಿನ ತೋಳಿನ ತುದಿ ಹಿಡಿದುಕೊಂಡಿದ್ದಾಳೆ, ಸಂತೆಯಲ್ಲಿ ಮಗು ಸೆರಗು ಹಿಡಿದುಕೊಳ್ಳುವ ಹಾಗೆ, ಮನೆಯಿಂದ ಹೊರಟಾಗಿನಿಂದ ಒಂದು ಕ್ಷಣ ಬಿಟ್ಟಿಲ್ಲ. ವಾಚನ ಕೊಠಡಿಯ ಉದ್ದ ಮೇಜುಗಳನ್ನು ಗೋಡೆಗೆ ಸರಿಸಿ ಎಂಬತ್ತು ಕುರ್ಚಿ ಹಾಕಿದ್ದಾರೆ, ಎಂಬತ್ತೂ ತುಂಬಿವೆ, ನಾನು ಸತ್ತಿದ್ದರೆ ಎಂಟು ತುಂಬುತ್ತಿದ್ದವೋ ಇಲ್ಲವೋ, ನಾನು ಗಾಜು ತೇಯುವ ಕನ್ನಡಕದ ಅಂಗಡಿಯ ಯಜಮಾನರು, ಪಕ್ಕದ ಝೆರಾಕ್ಸಿನ ಹುಡುಗಿ, ಅಲ್ಲಿಗೆ ಮುಗಿಯಿತು — ಸತ್ತಿದ್ದರೆ ಅಂತ ಬೇರೆ ಹೇಳುತ್ತಿದ್ದೇನಲ್ಲ, ಅಮ್ಮನ ಲೆಕ್ಕದಲ್ಲಿ ಸತ್ತವಳು ನಾನೇ. ಎದುರಿಗೆ ಮೇಜಿನ ಮೇಲೆ ಅಕ್ಕನ ಫೋಟೋ ಇದೆ, ಕೆಳಗೆ ದಪ್ಪ ಅಕ್ಷರದಲ್ಲಿ ಅವಳ ಹೆಸರು, ಇಪ್ಪತ್ತಮೂರು ವರ್ಷ ಈ ಗ್ರಂಥಾಲಯದ ಗ್ರಂಥಪಾಲಕಿ ಅಂತ ಬರೆದಿದೆ, ಈ ಕೋಣೆಯಲ್ಲಿ ಅದನ್ನು ಓದಲಾರದವಳು ಅಮ್ಮ ಒಬ್ಬಳೇ, ಅವಳ ಕಣ್ಣು ಹೋಗಿ ಒಂಬತ್ತು ವರ್ಷ. ಊರಿಗೆಲ್ಲ ಕನ್ನಡಕ ಮಾಡಿಕೊಡುವ ನನಗೆ ಹೆತ್ತ ತಾಯಿಯ ಕಣ್ಣಿಗೆ ಒಂದು ಗಾಜು ತೇಯಲಾಗಲಿಲ್ಲ. ಕಣ್ಣಿಲ್ಲದಿದ್ದರೇನು, ಎಡಗಿವಿಯ ಮಿಷನ್ನು ಇದೆ, ಅದರಲ್ಲಿ ಎಲ್ಲ ಕೇಳುತ್ತದೆ, ಅದಕ್ಕೇ ಮಧ್ಯಾಹ್ನ ಅದರ ಸೆಲ್ಲು ತೆಗೆದು ನನ್ನ ಪರ್ಸಿಗೆ ಹಾಕಿಕೊಂಡೆ, ಸೆಲ್ಲು ಸತ್ತಿದೆ ನಾಳೆ ಹೊಸದು ತರ್ತೀನಮ್ಮ ಅಂತ ಅವಳ ಅಂಗೈ ಮೇಲೆ ಬೆರಳಿನಿಂದ ಬರೆದೆ. ಈ ಸಭೆ ಚಿಕ್ಕವಳಿಗೋಸ್ಕರ, ನಮ್ಮ ಲೈಬ್ರರಿಯವರು ನನ್ನ ಮೇಲಿನ ಅಭಿಮಾನದಿಂದ ಮಾಡ್ತಿದ್ದಾರೆ, ಹೀಗಂತ ಅವಳಿಗೆ ಹೇಳಿದ್ದೇನೆ, ಈಗ ಎಂಬತ್ತು ಜನ ಬಾಯಿ ತೆರೆದು ದೊಡ್ಡವಳ ಗುಣಗಾನ ಮಾಡುತ್ತಾರೆ.

ಸ್ವೆಟರು ನನ್ನದಾಗಿರಲಿಲ್ಲ, ನಾನು ಯಾವತ್ತೂ ಸ್ವೆಟರು ತರುವವಳೇ ಅಲ್ಲ, ಚಳಿ ಆಗುವವರೆಗೆ ಚಳಿ ಆಗುತ್ತದೆ ಅಂತ ನನಗೆ ಹೊಳೆಯುವುದಿಲ್ಲ. ಬೆಳಗಿನ ಬಸ್ಸು, ಕಿಟಕಿಯ ರಬ್ಬರು ಕಿತ್ತುಹೋಗಿ ಗಾಳಿ ಸುಯ್ಯೆಂದು ಒಳಗೆ ಬರುತ್ತಿದೆ, ನನ್ನ ಹಲ್ಲು ಕಟಕಟ ಅನ್ನುತ್ತಿವೆ, ಮಡಿಲಲ್ಲಿ ಟೋಪಿಗಳ ಚೀಲ, ಅಕ್ಕನ ಭಾನುವಾರದ ಮಕ್ಕಳು ಹೆಣೆದ ಅರವತ್ತು ಟೋಪಿ, ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ಆಗತಾನೇ ಹುಟ್ಟಿದ ಕೂಸುಗಳಿಗೆ, ಮಕ್ಕಳಿಗೆ ಪರೀಕ್ಷೆ ಇತ್ತು ಅಂತ ಚೀಲ ಹೊರಲು ನನ್ನನ್ನು ಎಳೆದುಕೊಂಡು ಹೊರಟಿದ್ದಳು, ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಕೂತಿದ್ದೆ. ನಲವತ್ತೊಂದು ವರ್ಷ ಆಯ್ತಲ್ಲೇ ನಿನಗೆ, ಇನ್ನೂ ಯಾರಾದರೂ ಬಂದು ಗುಂಡಿ ಹಾಕ್ಬೇಕಾ, ಬೈಯುತ್ತಲೇ ಬಿಚ್ಚಿದಳು, ಬೈಯುತ್ತಲೇ ತೊಡಿಸಿದಳು, ಆರು ಗುಂಡಿಯನ್ನೂ ಅವಳೇ ಹಾಕಿದಳು, ಕೊನೆಯ ಗುಂಡಿ ಹಾಕಿ ಎದೆಯ ಮೇಲೆ ಒಂದು ತಟ್ಟು ತಟ್ಟಿದಳು, ಪುಸ್ತಕಕ್ಕೆ ರಟ್ಟು ಹಾಕಿದ ಮೇಲೆ ತಟ್ಟುತ್ತಾಳಲ್ಲ ಹಾಗೆ. ಅವಳು ಕಿಟಕಿಯ ಕಡೆ ಕೂತಿದ್ದಳು. ಲಾರಿ ಆ ಕಡೆಯಿಂದ ಬಂತು. ಆಮೇಲಿನದು ನನಗೆ ಬೇಡ, ಸಂಜೆಗೆ ಬರೋಣ, ಸಂಜೆ ನಾಲ್ಕಕ್ಕೆ ಯಾರದೋ ಕಾರಿನಲ್ಲಿ ನನ್ನನ್ನು ಮನೆ ಮುಂದೆ ಇಳಿಸಿದರು, ಕತ್ತಿಗೆ ಪಟ್ಟಿ, ಎರಡೂ ಕೈಗೆ ಬ್ಯಾಂಡೇಜು, ಕಿರುಚಿ ಕಿರುಚಿ ಗಂಟಲು ಸತ್ತುಹೋಗಿತ್ತು. ಮಧ್ಯಾಹ್ನವೇ ಪಕ್ಕದ ಮನೆಯ ಆಂಟಿಗೆ ಫೋನು ಬಂದಿತ್ತಂತೆ, ಅಕ್ಕತಂಗಿಯರಲ್ಲಿ ಒಬ್ಬರು ಉಳಿದಿದ್ದಾರೆ ಒಬ್ಬರು ಇಲ್ಲ ಅಂತ, ಯಾರು ಅಂತ ಕೇಳುವಷ್ಟರಲ್ಲಿ ಕಟ್ಟಾಯಿತಂತೆ. ಆಂಟಿ ಅದನ್ನು ಹಾಗೆಯೇ ಅಮ್ಮನಿಗೆ ಹೇಳಿಬಿಟ್ಟಿದ್ದರು. ನಾಲ್ಕು ಗಂಟೆ ಕಾಲ ಅಮ್ಮ ಹೊಸ್ತಿಲ ಮೇಲೆ ಕೂತಿದ್ದಳು, ಇಬ್ಬರಲ್ಲಿ ಒಬ್ಬರು, ಇಬ್ಬರಲ್ಲಿ ಒಬ್ಬರು, ಆ ನಾಲ್ಕು ಗಂಟೆಯಲ್ಲಿ ಅವಳ ಮನಸ್ಸು ಯಾರನ್ನು ಬೇಡಿತು — ಈ ಪ್ರಶ್ನೆ ನನ್ನ ತಲೆಯಲ್ಲಿ ಹುಳದ ಹಾಗೆ ಕೂತಿದೆ, ಕೊರೆಯುತ್ತಲೇ ಇದೆ. ನಾನು ಮೆಟ್ಟಿಲು ಹತ್ತಿದೆ, ಅಮ್ಮ ಎದ್ದು ಎರಡೂ ಕೈ ಚಾಚಿದಳು, ಬೆರಳು ಮೊದಲು ಗುಂಡಿಗೆ ತಾಗಿತು, ಆಮೇಲೆ ತೋಳಿನ ಹೆಣಿಗೆಗೆ, ಅವಳ ಕೈ ಅಲ್ಲೇ ನಿಂತಿತು. ಸದ್ಯ, ಅಂದಳು. ಸದ್ಯ, ನೀನು ಬಂದೆಯಲ್ಲ ದೊಡ್ಡವಳೇ.

ನಾನಮ್ಮ ಚಿಕ್ಕವಳು, ಅನ್ನಬೇಕಿತ್ತು. ಗಂಟಲು ಇರಲಿಲ್ಲ ಅಂತ ಎಲ್ಲರಿಗೂ ಹೇಳುತ್ತೇನೆ, ಗಂಟಲು ಇದ್ದಿದ್ದರೂ ಅನ್ನುತ್ತಿರಲಿಲ್ಲ, ಆ ಸದ್ಯ ಅನ್ನುವ ಮಾತು ಕೇಳಿದ ಮೇಲೆ ಯಾವ ಬಾಯಲ್ಲಿ ಹೇಳಲಿ, ನೀನು ಬೇಡ ಅಂದುಕೊಂಡವಳೇ ಬಂದಿದ್ದೀನಿ ಅಂತ. ಆಂಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು, ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದು ಪಿಸುಗುಟ್ಟಿದರು, ಎರಡು ದಿನ ಸುಧಾರಿಸಿಕೊಳ್ಳಲಿ ಪಾಪ, ಆಮೇಲೆ ನಿಧಾನಕ್ಕೆ ಹೇಳೋಣ. ಮಾರನೆಯ ದಿನ ಅಕ್ಕನ ದೇಹ ತಂದರು, ಬಿಗಿಯಾಗಿ ಸುತ್ತಿದ್ದ ಬಟ್ಟೆಯ ಮೇಲಿಂದ ಅಮ್ಮ ಒಂದು ಸಲ ಕೈಯಾಡಿಸಿದಳು, ಮುಖ ಮುಟ್ಟಬೇಡಿ ಅಂದರು, ಮುಟ್ಟಲಿಲ್ಲ, ಅಳಲೂ ಇಲ್ಲ. ಎರಡು ದಿನ ಎಂಟಾಯಿತು, ಎಂಟು ಇಪ್ಪತ್ತಾಯಿತು, ಕೈಯ ಬ್ಯಾಂಡೇಜು ಬಿಚ್ಚಿದರು, ಗಂಟಲು ಬಂತು, ಬಂದ ಗಂಟಲೂ ಅಕ್ಕನದೇ, ಫೋನಿನಲ್ಲಿ ನಮ್ಮಿಬ್ಬರನ್ನು ಗುರುತಿಸಲು ಯಾರಿಂದಲೂ ಆಗುತ್ತಿರಲಿಲ್ಲ, ನಾನು ಸ್ವಲ್ಪ ನಿಧಾನಿಸಿ ಮಾತಾಡಿದರೆ ಸಾಕು. ಈಗ ಎಲ್ಲಿಗೆ ಬಂದಿದೆ ಅಂದರೆ ಅಂಗಡಿಯಲ್ಲಿ ಯಜಮಾನರು ನನ್ನ ಹೆಸರು ಹಿಡಿದು ಮೂರು ಸಲ ಕರೆದರೂ ನಾನು ತಲೆ ಎತ್ತುವುದಿಲ್ಲ, ಯಾರೋ ಬೀದಿಯಲ್ಲಿ ಮಗಳನ್ನು ದೊಡ್ಡವಳೇ ಅಂದರೆ ಥಟ್ಟನೆ ತಿರುಗುತ್ತೇನೆ. ಮೊನ್ನೆ ಅಕ್ಕನ ಚಪ್ಪಲಿ ಹಾಕಿಕೊಂಡು ಈ ಲೈಬ್ರರಿಗೆ ಅವಳ ಸಾಮಾನು ಒಯ್ಯಲು ಬಂದಾಗ ಅಟೆಂಡರು ಸದ್ದು ಕೇಳಿಯೇ ಎದ್ದು ನಿಂತ, ಮುಖ ನೋಡಿ ಬಿಳಿಚಿಕೊಂಡ, ಕ್ಷಮಿಸಿ ಮೇಡಂ ಅಂದ, ನಾನು ಪರವಾಗಿಲ್ಲ ಕೂತ್ಕೊಳಪ್ಪಾ ಅಂದೆ, ಅಂದ ಮೇಲೆ ಗೊತ್ತಾಯಿತು, ಅದು ಅಕ್ಕನ ಮಾತು, ಅಕ್ಕನ ರಾಗ. ನಾನು ಹಾಗೆ ಮಾತಾಡುವವಳೇ ಅಲ್ಲ.

ಗ್ರಂಥಾಲಯದ ಮುಖ್ಯಸ್ಥರು ಶುರುಮಾಡಿದರು, ಅವರಿಗೆ ಕುಟುಂಬವೇ ಸರ್ವಸ್ವವಾಗಿತ್ತು, ಹೌದು ಸಾರ್, ನಿಮಗೇನು ಗೊತ್ತು, ನಾವಿದ್ದದ್ದು ಮನೆಯಲ್ಲಲ್ಲ, ಅವಳ ಕಪಾಟಿನಲ್ಲಿ. ಉಪ್ಪಿನ ಡಬ್ಬಿಗೂ ನಂಬರು, ಸಕ್ಕರೆ ಡಬ್ಬಿಗೂ ನಂಬರು, ಡಬ್ಬಿಯ ಬೆನ್ನಿಗೆ ಚೌಕದ ಚೀಟಿ, ಅಮ್ಮನ ಕಣ್ಣು ಹೋದ ಮೇಲೆ ಚೀಟಿಯ ಜಾಗದಲ್ಲಿ ನೂಲಿನ ಗಂಟು ಬಂತು, ಒಂದು ಗಂಟು ಉಪ್ಪು, ಎರಡು ಗಂಟು ಸಕ್ಕರೆ, ಅಮ್ಮ ಬೆರಳಲ್ಲೇ ಇಡೀ ಅಡುಗೆಮನೆ ಓದುವುದನ್ನು ಕಲಿತಳು, ಒಂದು ತಿಂಗಳಲ್ಲಿ ಚಹಾ ಮಾಡಿಕೊಂಡು ತಂದು ನಮ್ಮ ಮುಂದೆ ಇಟ್ಟಳು, ಅಕ್ಕ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ನನಗೆ ಕೇಳಿಸಿತು, ನಾನು ಚಹಾ ಕುಡಿಯುತ್ತಿದ್ದೆ. ನಾನು ತಡವಾಗಿ ಮನೆಗೆ ಬಂದರೆ ದಿಂಬಿನ ಮೇಲೆ ಚೀಟಿ ಇರುತ್ತಿತ್ತು, ಹಿಂದಿರುಗಿಸಬೇಕಾದ ಸಮಯ ಎಂಟು, ಬಂದದ್ದು ಒಂಬತ್ತೂವರೆ, ಕೆಳಗೆ ಲೈಬ್ರರಿಯ ಸೀಲು, ಸೀಲನ್ನು ಮನೆಗೆ ತರುವಷ್ಟು ತಲೆಹರಟೆ ಅವಳದು, ಊರಿಗೆ ಮಾತ್ರ ಗಂಭೀರ. ಮದುವೆ ಅಂದರೆ ಈ ಇಬ್ಬರನ್ನು ಯಾವ ರ‍್ಯಾಕಿನಲ್ಲಿಡಲಿ ಅಂತ ನಗುತ್ತಿದ್ದಳು. ಅವಳ ಒಳ್ಳೆಯತನ ನನಗೆ ಮೈಮೇಲೆ ಮುಳ್ಳು, ಹೌದು, ಹೊಟ್ಟೆಕಿಚ್ಚೇ, ಒಪ್ಪಿಕೊಳ್ಳುತ್ತೇನೆ, ಕೇಳುವವರು ಯಾರೂ ಇಲ್ಲವಲ್ಲ. ಅಮ್ಮ ಯಾವುದಕ್ಕೂ ಮೊದಲು ಕರೆಯುತ್ತಿದ್ದದ್ದು ದೊಡ್ಡವಳನ್ನೇ, ನೀರು ಬೇಕಾದರೂ, ಹಲ್ಲಿ ಬಿದ್ದರೂ, ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ನನ್ನ ಹೆಸರು ಅವಳ ಬಾಯಿಗೆ ಬರುತ್ತಿದ್ದದ್ದು ಬೈಯುವಾಗ.

ಇನ್ನು ಭಾನುವಾರದ ದಂಡು. ಬಲಗಡೆಯ ಗೋಡೆಗೆ ಆತು ನಿಂತಿದ್ದಾರೆ ನೋಡು, ಇಪ್ಪತ್ತನಾಲ್ಕು ಜನ, ಹದಿನಾಲ್ಕರಿಂದ ಹತ್ತೊಂಬತ್ತರವರೆಗೆ, ಮೀಸೆ ಚಿಗುರಿದವರು, ಚಿಗುರದವರು, ಕೂತ್ಕೊಳ್ಳಿ ಅಂದರೂ ಕೂರದೆ ಹಿರಿಯರಿಗೆ ಕುರ್ಚಿ ಬಿಟ್ಟುಕೊಟ್ಟಿದ್ದಾರೆ, ಅದೂ ಅವಳು ಕಲಿಸಿದ್ದೇ. ರಜೆಯ ದಿನ ಮಲಗಿ ಹೊರಳಾಡಬೇಕಾದ ಮಕ್ಕಳನ್ನು ಕರೆತಂದು ಹರಿದ ಪುಸ್ತಕ ಕೊಟ್ಟು ಕೂರಿಸುತ್ತಿದ್ದಳು, ಹೊಲಿ ಅನ್ನುತ್ತಿದ್ದಳು. ಗಂಡುಮಕ್ಕಳೂ ಸೂಜಿ ಹಿಡಿಯಬೇಕು, ನಾಚಿಕೆ ಪಟ್ಟವನಿಗೆ ದಪ್ಪನೆಯ ನಿಘಂಟು ಸಿಗುತ್ತಿತ್ತು. ಹೊಲಿಗೆ ಬಂದವರಿಗೆ ಹೆಣಿಗೆ, ಹೆಣಿಗೆ ಬಂದವರಿಗೆ ವೃದ್ಧಾಶ್ರಮದಲ್ಲಿ ಪತ್ರಿಕೆ ಓದುವ ಕೆಲಸ, ಓದಿಕೊಂಡೇ ಹೆಣೆಯಬೇಕು, ಕೈ ಸುಮ್ಮನಿದ್ದರೆ ಮನಸ್ಸು ಕೆಟ್ಟದ್ದು ಹುಡುಕುತ್ತದೆ ಅಂತ ಅವಳ ಸಿದ್ಧಾಂತ, ನನ್ನ ಕೈ ನೋಡಿ ಹೇಳುತ್ತಿದ್ದಳೋ ಏನೋ. ಒಂದು ಭಾನುವಾರ ನಾನು ಅವಳು ಮರೆತುಬಂದ ಕನ್ನಡಕ ಕೊಡಲು ಬಂದಿದ್ದೆ, ಬಾಗಿಲಲ್ಲಿ ನಿಂತೆ, ಇಷ್ಟೂ ಜನ ತಲೆ ತಗ್ಗಿಸಿ ಹೆಣೆಯುತ್ತಿದ್ದಾರೆ, ಒಂದು ಸದ್ದಿಲ್ಲ. ಅಷ್ಟು ಕಡ್ಡಿಗಳು ಆಡುತ್ತಿವೆ, ಸದ್ದಿಲ್ಲ. ನೂಲು ಇದ್ದರೆ ಕಡ್ಡಿ ಸದ್ದು ಮಾಡಲ್ಲ ಕಣೇ, ನೂಲಿನ ಮೇಲೆ ಜಾರುತ್ತೆ, ಅಂದಿದ್ದಳು ಅಕ್ಕ. ಆವತ್ತು ಯಾಕೋ ಮೈ ಜುಮ್ಮೆಂದಿತು, ಕನ್ನಡಕ ಮೇಜಿನ ಮೇಲಿಟ್ಟು ಓಡಿಬಂದೆ.

ಅದು ನನಗೆ ನೆನಪಾಗಬೇಕಿತ್ತು, ಆಗಲಿಲ್ಲ, ಇಪ್ಪತ್ತೊಂದನೆಯ ದಿನ ಕೈ ವಾಸಿಯಾದದ್ದೇ ಅಮ್ಮ ಕೇಳಿದಳು, ಮಧ್ಯಾಹ್ನ ಊಟ ಆದ ಮೇಲೆ ಹೆಣೀತಿದ್ದೆಯಲ್ಲ ದೊಡ್ಡವಳೇ, ಯಾಕೆ ಬಿಟ್ಟೆ, ನನ್ನ ಹತ್ತಿರ ಕೂತು ಹೆಣಿ, ಮನೆ ಮನೆ ಥರ ಇರುತ್ತೆ. ಅಂಗಡಿ ಮಧ್ಯಾಹ್ನ ಮೂರು ಗಂಟೆ ಹೊತ್ತು ಮುಚ್ಚಿರುತ್ತದೆ, ನಾನು ಲೈಬ್ರರಿಯಿಂದ ಬಂದವಳ ಹಾಗೆ ಬಂದು ಊಟ ಮಾಡುತ್ತಿದ್ದೆ. ನನಗೆ ಹೆಣಿಗೆ ಬರುವುದಿಲ್ಲ. ಗಾಜನ್ನು ಕೂದಲೆಳೆಯಷ್ಟು ತೇಯಬಲ್ಲೆ, ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ ತೂರಿಸಲಾರೆ. ಅಕ್ಕನ ಬುಟ್ಟಿಯಿಂದ ಎರಡು ಕಡ್ಡಿ ತೆಗೆದೆ, ಅಮ್ಮನ ಬಲಕ್ಕೆ, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ, ಬರೀ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದೆ, ಟಿಕ್, ಟಿಕ್, ಟಿಕ್ ಟಿಕ್, ಕಣ್ಣಿಲ್ಲದವಳಿಗೆ ಸದ್ದು ಸಾಕಲ್ಲ ಅಂದುಕೊಂಡೆ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅಮ್ಮ ಕತ್ತೆತ್ತಿದಳು. ಮುಖ ನನ್ನ ಕಡೆ ತಿರುಗಲಿಲ್ಲ, ಎಡಕ್ಕೆ ತಿರುಗಿತು, ಮಿಷನ್ನು ಆ ಕಿವಿಯಲ್ಲಿರುವುದರಿಂದ ಅವಳಿಗೆ ಎಲ್ಲ ಸದ್ದೂ ಎಡದಿಂದಲೇ ಬಂದ ಹಾಗೆ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಆಮೇಲೆ ಅವಳ ಎಡಗೈ ಮಂಚದ ಅಂಚಿನಿಂದ ಕೆಳಗೆ ಇಳಿಯಿತು, ಮೊಣಕಾಲಿನ ಪಕ್ಕ ಗಾಳಿಯಲ್ಲಿ ನಿಂತಿತು, ಅಂಗೈ ಕೆಳಮುಖ, ನಿಧಾನವಾಗಿ ಆಡತೊಡಗಿತು, ಮುಂದಿನಿಂದ ಹಿಂದಕ್ಕೆ, ಮುಂದಿನಿಂದ ಹಿಂದಕ್ಕೆ. ಕೋಲು ಬೇಕೇನಮ್ಮ ಅಂತ ಕೇಳಿದೆ. ಕಡ್ಡಿ ನಿಲ್ಲಿಸಿ ಕೇಳಿದೆ. ಸದ್ದು ನಿಂತದ್ದೇ ಕೈ ಗಬಕ್ಕನೆ ಮಡಿಲಿಗೆ ಬಂದುಬಿಟ್ಟಿತು, ಏನೂ ಬೇಡ, ನೀನು ಹೆಣ್ಕೋ ಅಂದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಮುಖ. ಆಮೇಲೆ ದಿನಾ ಇದೇ, ನಾನು ಟಿಕ್ ಟಿಕ್ ಅನ್ನಿಸುವುದು, ಅವಳ ಕೈ ಇಳಿಯುವುದು, ಗಾಳಿಯಲ್ಲಿ ಆಡುವುದು, ಒಂದೇ ಎತ್ತರ, ನೆಲದಿಂದ ಎರಡು ಅಡಿ ಇರಬಹುದು, ಒಂದು ದಿನವೂ ಹೆಚ್ಚು ಕಡಿಮೆ ಇಲ್ಲ. ಫ್ಯಾನಿನ ಗಾಳಿ ನೋಡುತ್ತಿದ್ದಾಳೆ ಅಂದುಕೊಂಡೆ. ಫ್ಯಾನು ಆರಿಸಿದೆ, ಆಗಲೂ ಕೈ ಆಡಿತು. ನೋಡಲಾರದೆ ನಾನು ಕಣ್ಣು ಮುಚ್ಚಿಕೊಂಡು ಕಡ್ಡಿ ಆಡಿಸತೊಡಗಿದೆ, ಕಣ್ಣು ಮುಚ್ಚಿದಾಗಲೇ ಸದ್ದು ನನಗೂ ಎಡದಿಂದ ಬಂದ ಹಾಗೆ ಕೇಳುತ್ತಿತ್ತು, ನನ್ನ ಕೈಯಿಂದಲ್ಲ, ಅಲ್ಲಿಂದ, ಅವಳ ಮೊಣಕಾಲಿನ ಹತ್ತಿರದಿಂದ.

ಒಂದೇ ಒಂದು ಸಲ ನನ್ನ ಹೆಸರು ಹೇಳಿ ಅತ್ತಿದ್ದರೆ. ಇಷ್ಟೇ ನನಗೆ ಬೇಕಾದದ್ದು, ಐವತ್ತೆರಡು ದಿನ ನಾನು ಕಾದದ್ದು ಇದಕ್ಕೇ, ಸತ್ಯ ಹೇಳದೆ ಉಳಿದದ್ದೂ ಇದಕ್ಕೇ, ಅಮ್ಮನ ಮೇಲಿನ ಕರುಣೆ ಅಂತ ಆಂಟಿ ನನ್ನನ್ನು ಹೊಗಳುತ್ತಾರೆ, ಕರುಣೆಯೂ ಇಲ್ಲ ಸುಡುಗಾಡೂ ಇಲ್ಲ, ನಾನು ಸತ್ತರೆ ಅಮ್ಮ ಅಳುತ್ತಾಳಾ ಅಂತ ಕದ್ದು ನೋಡುತ್ತಿದ್ದೇನೆ. ಎಷ್ಟೋ ಸಲ ಕೆದಕಿದೆ. ಅಮ್ಮ, ಚಿಕ್ಕವಳ ಬಟ್ಟೆ ಯಾರಿಗಾದರೂ ಕೊಟ್ಟುಬಿಡಲಾ ಅಂದೆ. ಇರಲಿ ಬಿಡು, ಬೇಕಾಗುತ್ತೆ ಅಂದಳು. ಬೇಕಾಗುತ್ತೆ, ಯಾರಿಗೆ, ಧೂಳು ಒರೆಸುವುದಕ್ಕಾ, ರಾತ್ರಿ ಹೊದಿಕೆ ಕಚ್ಚಿಕೊಂಡು ಅತ್ತೆ. ಊಟಕ್ಕೆ ಮೂರು ತಟ್ಟೆ ಹಾಕು ಅನ್ನುತ್ತಾಳೆ, ರೂಢಿ ತಪ್ಪಿಲ್ಲ ಅಂದುಕೊಂಡು ಹಾಕುತ್ತೇನೆ, ಮೂರನೆಯದನ್ನು ಹಾಗೆಯೇ ಎತ್ತಿಡುತ್ತೇನೆ. ಅವಳು ಚೆನ್ನಾಗಿ ಜಗಳ ಆಡ್ತಿದ್ದಳು ಅಲ್ಲವಾಮ್ಮ ಅಂತ ಹೋದ ವಾರ ನಗುತ್ತಾ ಕೇಳಿದೆ, ಅಮ್ಮ ಬಾಯಿಯ ಮೇಲೆ ಬೆರಳಿಟ್ಟು ಶ್ ಅಂದಳು. ಬೇರೆ ಮಾತೇ ಇಲ್ಲ, ಶ್. ಸತ್ತವಳ ಮಾತೂ ಬೇಡವಾಯಿತಾ ಈ ಹೆಂಗಸಿಗೆ ಅಂತ ತಟ್ಟೆ ಕುಕ್ಕಿ ಎದ್ದುಹೋದೆ. ಮುಂದಿನ ಭಾನುವಾರ ಹೇಳಿಬಿಡುತ್ತೇನೆ ಅಂತ ಅವತ್ತೇ ತೀರ್ಮಾನ ಮಾಡಿದೆ, ಅಷ್ಟರಲ್ಲಿ ಆಂಟಿ ಬಾಯಿತಪ್ಪಿ ಈ ಸಭೆಯ ವಿಷಯ ಆಡಿದರು, ನನ್ನ ಮಗಳ ಸಭೆಗೆ ನಾನು ಹೋಗದೆ ಇರ್ತೀನಾ ಅಂತ ಅಮ್ಮ ಹೊರಟು ನಿಂತಳು.

ಚಪ್ಪಾಳೆ ಇಲ್ಲ, ಮುಖ್ಯಸ್ಥರು ಕಣ್ಣೊರೆಸಿಕೊಂಡು ಕೂತರು, ಅಮ್ಮನಿಗೆ ಒಂದಕ್ಷರ ಕೇಳಿಲ್ಲ, ಮುಖ ಶಾಂತವಾಗಿದೆ, ನಾನು ಬದುಕಿಕೊಂಡೆ, ಇನ್ನು ಹತ್ತು ನಿಮಿಷ ಕಳೆದರೆ ಎಬ್ಬಿಸಿಕೊಂಡು ಹೊರಟುಬಿಡುತ್ತೇನೆ. ಗೋಡೆಯಿಂದ ಉದ್ದ ಜಡೆಯ ಹುಡುಗಿ ಮುಂದೆ ಬಂದಳು, ಭಾನುವಾರದ ದಂಡಿನ ನಾಯಕಿ ಅವಳು, ತೋಳಿನ ಮೇಲೆ ಮಡಿಸಿದ ಹೊದಿಕೆ, ಇದು ನಮ್ಮ ಮೇಡಂ ಅವರ ಅಮ್ಮನಿಗೆ ಅಂದಳು, ನಾವು ಒಬ್ಬೊಬ್ಬರು ಒಂದೊಂದು ಚೌಕ ಹೆಣೆದು ಸೇರಿಸಿದ್ವಿ. ಅಮ್ಮನ ಮಡಿಲಲ್ಲಿ ಹರಡಿದಳು. ಅಮ್ಮನ ಎಡಗೈ ಅದರ ಮೇಲೆ ಓಡಿತು, ಡಬ್ಬಿಯ ಗಂಟು ಓದಿದ ಹಾಗೆ ಒಂದೊಂದೇ ಚೌಕ ಓದಿತು, ಮೆಚ್ಚಿ ತಲೆದೂಗಿದಳು, ನಡುವೆ ಒಂದು ಕಡೆ ಬೆರಳು ಗಕ್ಕನೆ ನಿಂತಿತು. ನಾನೂ ನೋಡಿದೆ. ಉಳಿದವು ಹೊಚ್ಚ ಹೊಸ ನೂಲು, ಇದೊಂದು ಮಾಸಿದ ಕೆಂಪು, ಒಂದು ಬದಿ ಬಿಗಿ ಒಂದು ಬದಿ ಸಡಿಲ, ಮೂರು ಕಡೆ ಕುಣಿಕೆ ಬಿಟ್ಟು ತೂತು. ಹುಡುಗಿ ನನ್ನ ಕಿವಿಯ ಹತ್ತಿರ ಬಗ್ಗಿದಳು, ಇಪ್ಪತ್ತನಾಲ್ಕೇ ಇದ್ದವು ಆಂಟಿ, ಐದೈದಲ ಇಪ್ಪತ್ತೈದಕ್ಕೆ ಒಂದು ಕಡಿಮೆ ಬಿತ್ತು, ಮೇಡಂ ಡ್ರಾಯರಲ್ಲಿ ಕವರಿನೊಳಗೆ ಇದು ಸಿಕ್ತು, ಈ ಚೀಟಿ ಕಟ್ಟಿತ್ತು, ತಗೊಳ್ಳಿ. ಚೀಟಿಯಲ್ಲಿ ಅಕ್ಕನ ಗುಂಡು ಅಕ್ಷರ, ಒಂದು ನಂಬರು, ಕೆಳಗೆ, ತಂಗಿ, ವಯಸ್ಸು ಏಳು, ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಹೊರಗೆ ಕೊಡುವಂತಿಲ್ಲ. ದಪ್ಪ ನಿಘಂಟುಗಳ ಮೇಲೆ, ಮತ್ತೆ ಸಿಗದ ಪುಸ್ತಕಗಳ ಮೇಲೆ ಮಾತ್ರ ಅವಳು ಅದನ್ನು ಬರೆಯುತ್ತಿದ್ದಳು. ಅಕ್ಕಾ. ನಾನು ಹೆಣೆದ ಒಂದೇ ಒಂದು ಚೂರು ಅದು, ಅವಳಿಗೆ ಹನ್ನೆರಡು, ನನಗೆ ಏಳು, ಕಲಿಸಿದಳು, ತೂತು ನೋಡಿ ನಾನು ಕಸದ ಬುಟ್ಟಿಗೆ ಎಸೆದೆ, ಆಮೇಲೆ ನೂಲು ಮುಟ್ಟಲಿಲ್ಲ, ಎತ್ತಿಟ್ಟುಕೊಂಡಿದ್ದೀಯಾ, ಮೂವತ್ತನಾಲ್ಕು ವರ್ಷ, ನಾನು ನಿನ್ನ ಮೇಲೆ ಕತ್ತಿ ಮಸೆಯುತ್ತಿದ್ದ ಅಷ್ಟೂ ವರ್ಷ.

ದೊಡ್ಡವಳೇ, ಅಂದಳು ಅಮ್ಮ. ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡಿದ್ದಾಳೆ, ಸೆಲ್ಲಿಲ್ಲದ ಕಿವಿಗೆ ತನ್ನ ಧ್ವನಿಯ ಅಳತೆ ಸಿಗುತ್ತಿಲ್ಲ, ಕೋಣೆಯ ಕೊನೆಯ ಕುರ್ಚಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಾಳೆ, ಮೈಕು ಹಿಡಿದವರು ಹಾಗೆಯೇ ನಿಂತರು. ಇದು ಚಿಕ್ಕವಳ ಕೈ ಕಣೇ. ನಿನಗೊಂದು ಹೇಳ್ತೀನಿ, ಬಯ್ಯಬೇಡ. ಅವಳು ಮನೇಲೇ ಇದ್ದಾಳೆ. ಮಧ್ಯಾಹ್ನ ನೀನು ಹೆಣೀತಾ ಹೆಣೀತಾ ತೂಕಡಿಸಿಬಿಡ್ತೀಯಲ್ಲ, ಆಗ ಬಂದು ನಿನ್ನ ಮಡಿಲಿಂದ ಕಡ್ಡಿ ಎತ್ಕೋತಾಳೆ, ನೂಲಿಲ್ಲದೆ ಟಿಕ್ ಟಿಕ್ ಅನ್ನಿಸ್ತಾಳೆ, ಸಣ್ಣವಳಿದ್ದಾಗ ನಿನ್ನ ನೋಡಿ ಹಠಕ್ಕೆ ಮಾಡ್ತಿದ್ದಳಲ್ಲ ಹಾಗೇ, ಇಲ್ಲೇ ನನ್ನ ಮೊಣಕಾಲ ಹತ್ರ ಕೂತು. ನಾನು ಮಾತಾಡಿಸಲ್ಲ. ಮುಟ್ಟೋದೂ ಇಲ್ಲ. ಮುಟ್ಟಿದರೆ ಹೋಗ್ಬಿಡ್ತಾಳೆ ಅಂತ ಭಯ. ಅವತ್ತು ಬಾಗಿಲಲ್ಲಿ ಸದ್ಯ ಅಂದುಬಿಟ್ಟೆ ನೋಡು, ಅದು ಅವಳ ಕಿವಿಗೆ ಬಿದ್ದಿರುತ್ತೆ. ಅವಳೇ ಬಂದಿದ್ರೂ ಹಾಗೇ ಅಂತಿದ್ದೆ, ಯಾರು ಬಂದಿದ್ರೂ ಅಂತಿದ್ದೆ, ಒಂದು ಜೀವ ಆದರೂ ಬಂತಲ್ಲ ಅಂತ. ಅದನ್ನ ಅವಳಿಗೆ ಹೇಗೆ ಹೇಳಲಿ. ಅಳೋಣ ಅಂದರೆ ಅತ್ತರೆ ಅವಳಿಗೆ ಗೊತ್ತಾಗಿಬಿಡುತ್ತೆ. ಅಮ್ಮ ನಿಲ್ಲಿಸಿ ನನ್ನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ತಾನು ಸತ್ತಿದ್ದೀನಿ ಅಂತ ಅವಳಿಗೆ ಗೊತ್ತಿಲ್ಲ ಕಣೇ ದೊಡ್ಡವಳೇ. ನೀನು ಹೇಳಬೇಡ.

ಎಂಬತ್ತು ಕುರ್ಚಿ, ಗೋಡೆಗೆ ಆತು ನಿಂತ ಮಕ್ಕಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಎಲ್ಲರಿಗೂ ತಿಳಿದುಹೋಯಿತು, ಅಮ್ಮನಿಗೊಬ್ಬಳಿಗೇ ತಿಳಿದಿಲ್ಲ, ಈಗ ಅವಳ ಅಂಗೈ ಹಿಡಿದು ಮೂರು ಅಕ್ಷರ ಬರೆದರೆ ಸಾಕು, ನಾನಮ್ಮ, ಬರೆದರೆ ಒಂದೇ ಏಟಿಗೆ ದೊಡ್ಡವಳು ಸಾಯುತ್ತಾಳೆ, ಮೊಣಕಾಲಿನ ಹತ್ತಿರ ಕೂರುವ ಆ ಮಗುವೂ ಸಾಯುತ್ತದೆ, ಎರಡು ಸಾವು ಕೊಟ್ಟು ನಲವತ್ತೊಂದು ವರ್ಷದ ಒಂದು ಮುಖ ಊದಿಸಿದ ಹೆಂಗಸನ್ನು ಅವಳ ಕೈಗೆ ಕೊಡುತ್ತೇನೆ, ಬರೆಯದಿದ್ದರೆ, ಬರೆಯದಿದ್ದರೆ ಏನು, ನನ್ನನ್ನು ಇಷ್ಟು ಪ್ರೀತಿಸುವವಳ ಪಕ್ಕದಲ್ಲಿ ನಾನು ದಿನಾ ಸತ್ತು ಕೂರುತ್ತೇನೆ. ಯಾರೋ ಬಿಕ್ಕಿದರು, ಜಡೆಯ ಹುಡುಗಿ ಇರಬೇಕು. ಅಮ್ಮ ಎಡಕ್ಕೆ ಮುಖ ತಿರುಗಿಸಿದಳು. ಕಡ್ಡಿ ಇಲ್ಲಿಲ್ಲ, ಸದ್ದಿಲ್ಲ, ಇದ್ದರೂ ಅವಳಿಗೆ ಕೇಳುವಂತಿಲ್ಲ, ಆದರೂ ಕೈ ಇಳಿಯುತ್ತಿದೆ, ಹೊದಿಕೆಯ ಅಂಚು ದಾಟಿ ಮೊಣಕಾಲಿನ ಪಕ್ಕಕ್ಕೆ, ಅಂಗೈ ಕೆಳಮುಖ, ಅದೇ ಎತ್ತರ. ನನ್ನ ಬಲಗೈ ತಾನಾಗಿಯೇ ಗುಂಡಿ ಬಿಚ್ಚುತ್ತಿದೆ, ಒಂದು, ಎರಡು, ಆರು, ಬಲತೋಳಿನಿಂದ ಕೈ ಎಳೆದುಕೊಂಡೆ, ಎಡತೋಳಿನಿಂದ ಬಹಳ ನಿಧಾನಕ್ಕೆ, ಅಮ್ಮ ಹಿಡಿದ ಪಟ್ಟಿ ಅಲುಗದ ಹಾಗೆ, ಸ್ವೆಟರನ್ನು ಕುರ್ಚಿಯ ಮೇಲೆ ಕೂರಿಸಿದೆ, ಖಾಲಿ ತೋಳು ಅವಳ ಮುಷ್ಟಿಯಲ್ಲೇ ಇದೆ, ಅವಳಿಗೆ ತಿಳಿಯಲಿಲ್ಲ. ಚಳಿ. ಬಗ್ಗಿಕೊಂಡು ಅವಳ ಹಿಂದಿನಿಂದ ಎಡಗಡೆಗೆ ಬಂದೆ, ಎಲ್ಲರೂ ನೋಡುತ್ತಿದ್ದಾರೆ, ನೋಡಲಿ, ಫಿನಾಯಿಲ್ ವಾಸನೆಯ ನೆಲದ ಮೇಲೆ ಕಾಲು ಮಡಿಸಿ ಕೂತೆ, ಬೆನ್ನು ಬಗ್ಗಿಸಿದೆ, ಇನ್ನೂ ಬಗ್ಗಿಸಿದೆ, ಏಳು ವರ್ಷದವಳ ತಲೆ ಎಷ್ಟು ಎತ್ತರಕ್ಕಿರುತ್ತದೋ ಅಷ್ಟಕ್ಕೆ ಬಂದೆ, ಉಸಿರು ಹಿಡಿದೆ, ಅಮ್ಮನ ಕೈ ಬಂತು, ನನ್ನ ಕೂದಲಿನ ಮೇಲೆ, ಕೂದಲಿಗಿಂತ ಒಂದು ಬೆರಳಿನಷ್ಟು ಮೇಲೆ, ಅಲ್ಲೇ, ಮುಂದಿನಿಂದ ಹಿಂದಕ್ಕೆ, ಅದರ ಬಿಸಿ ತಲೆಗೆ ತಾಗುತ್ತಿದೆ, ಕೈ ತಾಗುತ್ತಿಲ್ಲ, ಮುಂದಿನಿಂದ ಹಿಂದಕ್ಕೆ, ಒಂದೇ ಒಂದು ಬೆರಳಿನಷ್ಟು ಮೇಲೆ, ಮುಂದಿನಿಂದ ಹಿಂದಕ್ಕೆ, ಇಳಿಯುತ್ತಿಲ್ಲ